ಆರೈಕೆ ಕಣಜದ ಬಾಗಿಲು ತೆಗೆಸಿದ ಬಳೆಗಾರ್ತಿ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಹಿಂದೆ ಗೋಡೆಗೆ ಒರಗಿ ಕೂತಿರೋ ದೊಡ್ಡವರೂ ಕೇಳಿಸ್ಕೊಳ್ಳಿ. ಇದು ಸಂಪಿಗೆದುರ್ಗ ಅನ್ನೋ ಒಂದು ರಾಜ್ಯದಲ್ಲಿ ನಡೆದದ್ದು.

ಆ ರಾಜ್ಯಕ್ಕೆ ಜಟ್ಟಿಂಗರಾಯ ಅಂತ ಒಬ್ಬ ದೊರೆ ಇದ್ದ. ಕೆಟ್ಟವನಲ್ಲ. ಆದರೆ ಅರಮನೆ ಬಿಟ್ಟು ಬೀದಿಗೆ ಬರುತ್ತಿದ್ದುದು ಅಪರೂಪ. ಅವನ ತಾಯಿ ದೊಡ್ಡರಾಣಿ ಊರ ನಡುವೆ ಒಂದು ಕಣಜ ಕಟ್ಟಿಸಿದ್ದಳು. ಅದರ ಹೆಸರು ಆರೈಕೆ ಕಣಜ. ಸುಗ್ಗಿ ಮುಗಿದ ಮೇಲೆ ಮನೆಗೊಬ್ಬರು ಹೋಗಿ ಅಲ್ಲಿ ಒಂದು ಕೊಳಗ ಕಾಳು ಸುರಿದು ಬರಬೇಕು. ಯಾರ ಮನೆಯಲ್ಲಾದರೂ ಕಾಯಿಲೆ ಬಿದ್ದರೆ ಆ ಕಣಜದಿಂದ ವೈದ್ಯ ಬರಬೇಕು, ಔಷಧಿ ಬರಬೇಕು, ಗಂಜಿಗೆ ಅಕ್ಕಿ ಬರಬೇಕು. ಇಷ್ಟೇ ಮಾತು. ಇವತ್ತು ನಾನು ಗಟ್ಟಿಯಾಗಿದ್ದೀನಿ, ನನ್ನ ಕಾಳು ನಿನಗಾಗಲಿ. ನಾಳೆ ನಾನು ಮಲಗಿದರೆ ನಿನ್ನದು ನನಗಾಗಲಿ. ಜನ ಖುಷಿಯಿಂದಲೇ ಸುರಿಯುತ್ತಿದ್ದರು.

ದೊಡ್ಡರಾಣಿ ತೀರಿಕೊಂಡಳು. ಕಣಜದ ಪಾರುಪತ್ಯ ಕೋದಂಡಯ್ಯನ ಕೈಗೆ ಬಂತು. ಅವನ ಕೈಕೆಳಗೆ ಪುಟ್ಟರಸ ಅಂತ ಒಬ್ಬ ಇದ್ದ. ಮೆತ್ತಗೆ ಮಾತಾಡುವ ಮನುಷ್ಯ.

ಮೊದಲನೇ ವರ್ಷ ಊರಲ್ಲಿ ಕಾಯಿಲೆ ಕಡಿಮೆ. ಕಾಳು ತುಂಬಾ ಉಳಿಯಿತು. ದೊರೆ ಸಂತೋಷಪಟ್ಟು ಕೋದಂಡಯ್ಯನಿಗೆ ಶಾಲು ಹೊದಿಸಿದ. ಎರಡನೇ ವರ್ಷ ಇನ್ನೂ ಹೆಚ್ಚು ಉಳಿಯಿತು. ದೊರೆ ಕೈಗೆ ಕಡಗ ತೊಡಿಸಿದ. ಮೂರನೇ ವರ್ಷ ಅದಕ್ಕಿಂತಲೂ ಹೆಚ್ಚು. ದೊರೆ ಪಲ್ಲಕ್ಕಿ ಕೊಟ್ಟ. ಕೋದಂಡಯ್ಯನಿಗೆ ಗುಟ್ಟು ತಿಳಿದುಹೋಯಿತು. ಉಳಿಸಿದರೆ ಮರ್ಯಾದೆ. ಉಳಿಸಬೇಕಾದರೆ ಕೊಡಬಾರದು.

ಕೊಡುವುದಿಲ್ಲ ಅಂತ ನೇರವಾಗಿ ಹೇಳುವುದು ಹೇಗೆ? ಅದಕ್ಕೆ ಪುಟ್ಟರಸ ಇದ್ದನಲ್ಲ. ಅವನು ಹಿಂದೆ ನಿಂತು ಕಿವಿಯಲ್ಲಿ ಒಂದೊಂದೇ ನೆಪ ಊದುತ್ತಿದ್ದ, ಕೋದಂಡಯ್ಯ ಅದನ್ನೇ ಹೇಳುತ್ತಿದ್ದ.

ನೇಕಾರ ಸಿದ್ಲಿಂಗಪ್ಪ ಎದೆ ಹಿಡಿದುಕೊಂಡು ಬಂದ. "ಸ್ವಾಮಿ, ಎದೆ ನೋವು. ಉಸಿರಾಡೋಕೆ ಆಗ್ತಿಲ್ಲ."

"ಈ ನೋವು ನಿನಗೆ ಕಣಜಕ್ಕೆ ಕಾಳು ಸುರಿಯೋಕೆ ಮುಂಚೆನೇ ಇತ್ತಂತಲ್ಲಪ್ಪ. ಹಳೇ ನೋವಿಗೆ ನಮ್ಮಲ್ಲಿ ಔಷಧಿ ಇಲ್ಲ. ಹೋಗಿ ಬಾ."

ಅಗಸರ ದ್ಯಾವಮ್ಮ ಮಗನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದಳು. "ಸ್ವಾಮಿ, ಹಾವು ಕಚ್ಚಿತ್ತು. ಪಕ್ಕದ ಬೀದಿ ವೈದ್ಯರ ಹತ್ರ ಓಡಿದೆ. ಜೀವ ಉಳೀತು. ಇನ್ನು ಔಷಧಿ ಬೇಕು."

"ಆ ವೈದ್ಯ ಕಣಜದ ವೈದ್ಯ ಅಲ್ಲವಲ್ಲಮ್ಮ. ಯಾರು ನೋಡಿದರೋ ಅವರೇ ಕೊಡಲಿ. ಹೋಗಿ ಬಾ."

ಬಳೆ ಕುಲುಮೆಯ ಕಾಳಿಂಗ ಓಡೋಡಿ ಬಂದ. "ಸ್ವಾಮಿ, ನನ್ನ ಹೆಂಡತಿ ಬಸುರಿ. ಜ್ವರ ಏರಿ ಮೈ ಸುಡ್ತಾ ಇದೆ. ಈಗಲೇ ವೈದ್ಯರನ್ನ ಕಳಿಸಿ."

"ಮೊದಲು ನಾವು ವಿಚಾರ ಮಾಡಬೇಕು. ಅಮಾವಾಸ್ಯೆ ಕಳೆದು ಬಾ, ನೋಡೋಣ."

ಕಾಳಿಂಗ ಮಾರನೇ ದಿನ ಬಂದ. ಅದೇ ಮಾತು. ಅದರ ಮಾರನೇ ದಿನವೂ ಬಂದ. ಅದೇ ಮಾತು. ಅಮಾವಾಸ್ಯೆ ಬರುವ ಮೊದಲೇ ಅವನ ಹೆಂಡತಿ ಸಣ್ಣಿ ಹೋಗಿಬಿಟ್ಟಳು. ಹೊಟ್ಟೆಯೊಳಗಿನ ಕೂಸೂ ಅವಳ ಜೊತೆಗೇ ಹೋಯಿತು.

ಕಾಳಿಂಗ ಅಳಲಿಲ್ಲ. ಮಣ್ಣು ಮಾಡಿ ಬಂದವನು ಕುಲುಮೆಯಿಂದ ಕಬ್ಬಿಣದ ಸಲಾಕೆ ತೆಗೆದುಕೊಂಡ. ಸಂತೆ ಬೀದಿಯಲ್ಲಿ ಕೋದಂಡಯ್ಯನ ಪಲ್ಲಕ್ಕಿ ಬರುತ್ತಿತ್ತು. ಅಡ್ಡ ನಿಂತ. ಒಂದೇ ಏಟು. ಕೋದಂಡಯ್ಯ ಬೀದಿಯಲ್ಲೇ ಪ್ರಾಣ ಬಿಟ್ಟ. ಕಾಳಿಂಗ ಓಡಿಹೋಗಲಿಲ್ಲ. ಸಲಾಕೆ ಕೆಳಗೆ ಹಾಕಿ ಅಲ್ಲೇ ಕೂತ. ಕಾವಲಿನವರು ಬಂದು ಕೈಗೆ ಹಗ್ಗ ಕಟ್ಟಿದರು.

ಈಗ ಊರಲ್ಲಿ ಏನಾಯಿತು ಗೊತ್ತಾ? ಸಾವಿನ ಮನೆ ಇದ್ದ ಊರಲ್ಲಿ ಕುಣಿತದ ತಮಟೆ ಸದ್ದು ಕೇಳಿಸಿತು. "ಅವನಿಗೆ ಹಾಗೇ ಆಗಬೇಕಿತ್ತು" ಅಂದರು ಒಬ್ಬರು. "ಅಯ್ಯೋ ಅನ್ನಬೇಕಾ? ಮೊದಲು ವಿಚಾರ ಮಾಡ್ತೀವಿ, ಅಮಾವಾಸ್ಯೆ ಕಳೆದು ಬರಲಿ, ನೋಡೋಣ" ಅಂದರು ಇನ್ನೊಬ್ಬರು. ಬೀದಿಯೆಲ್ಲ ಗೊಳ್ಳೆಂದು ನಕ್ಕಿತು. ಆ ನಗುವಿನ ಕೆಳಗೆ ಎಷ್ಟು ಮನೆಗಳ ಅಳು ಇತ್ತೋ, ದೇವರಿಗೇ ಗೊತ್ತು.

ಕಾಳಿಂಗನಿಗೆ ಒಬ್ಬ ಅಕ್ಕ ಇದ್ದಳು. ಹೆಸರು ಹೊಂಬಾಳಮ್ಮ. ಮನೆಮನೆಗೆ ಹೋಗಿ ಬಳೆ ತೊಡಿಸುವವಳು. ಕೋದಂಡಯ್ಯ ಸತ್ತ ಅಂತ ಕೇಳಿದಾಗ ಅವಳ ಹೊಟ್ಟೆಯೂ ಒಂದು ಗಳಿಗೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ? ಸಣ್ಣಿಯನ್ನು ಮಗಳ ಹಾಗೆ ಸಾಕಿದ್ದವಳು ಅವಳು. ಆದರೆ ಮರುಗಳಿಗೆಯೇ ಇನ್ನೊಂದು ನೆನಪಾಯಿತು. ಕೋದಂಡಯ್ಯನ ಹೆಂಡತಿ ವೆಂಗಮ್ಮನ ಕೈಗೆ ಹಸಿರು ಬಳೆ ತೊಡಿಸಿದ್ದವಳೂ ತಾನೇ.

ಕಾಲು ಅತ್ತ ಕಡೆ ನಡೆಯಿತು. ವೆಂಗಮ್ಮ ಜಗುಲಿಯ ಮೇಲೆ ಕೂತಿದ್ದಳು. ಕೈ ಬರಿದಾಗಿತ್ತು. ಪುಟ್ಟ ಮಗಳು ರತ್ನಿ ಮಡಿಲಲ್ಲಿದ್ದಳು. ಹೊಂಬಾಳಮ್ಮನನ್ನು ನೋಡಿದ ವೆಂಗಮ್ಮ ಮುಖ ತಿರುಗಿಸಿದಳು.

"ನಿನ್ನ ತಮ್ಮ ಮಾಡಿದ್ದು ಸಾಲದಾ? ನೋಡೋಕೆ ಬಂದೆಯಾ?"

"ಬೈಯಿರಿ ತಾಯಿ. ಬೈಸಿಕೊಳ್ಳೋಕೇ ಬಂದೆ" ಅಂದಳು ಹೊಂಬಾಳಮ್ಮ.

ರತ್ನಿ ತಲೆ ಎತ್ತಿ ಕೇಳಿದಳು, "ಅಮ್ಮ, ಬೀದೀಲಿ ತಮಟೆ ಯಾಕೆ ಹೊಡೀತಾರೆ? ಮದುವೆನಾ?"

ವೆಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಹೊಂಬಾಳಮ್ಮ ಎದ್ದು ಬೀದಿಗೆ ಬಂದಳು. ಒಂದು ಗುಂಪು ತಮಟೆ ಬಡಿಯುತ್ತಿತ್ತು. ಒಂದು ಗುಂಪು ಬೆಲ್ಲ ಹಂಚುತ್ತಿತ್ತು. ಇನ್ನೊಂದು ಗುಂಪು ಕಾಳಿಂಗನ ಮೇಲೆ ಹಾಡು ಕಟ್ಟಿ ಹಾಡುತ್ತಿತ್ತು. ಅವಳನ್ನು ನೋಡಿ ಎಲ್ಲರೂ "ಬಾ ಅಕ್ಕ, ವೀರನ ಅಕ್ಕ!" ಅಂದರು.

ಅವಳು ತಮಟೆಯವರನ್ನು ಕೇಳಿದಳು, "ನಮ್ಮ ಸಣ್ಣಿ ಎದ್ದು ಬಂದಳಾ?"

ತಮಟೆ ನಿಂತಿತು.

ಬೆಲ್ಲ ಹಂಚುವವರನ್ನು ಕೇಳಿದಳು, "ಸಿದ್ಲಿಂಗಪ್ಪನ ಎದೆನೋವು ಹೋಯಿತಾ?"

ಬೆಲ್ಲ ಹಿಡಿದ ಕೈ ಕೆಳಗಿಳಿಯಿತು.

ಹಾಡುವವರನ್ನು ಕೇಳಿದಳು, "ಕಣಜದ ಬಾಗಿಲು ತೆಗೆದರಾ?"

ಯಾರಿಗೂ ಗೊತ್ತಿರಲಿಲ್ಲ. ಹೋಗಿ ನೋಡಿದರು. ಬಾಗಿಲು ಮುಚ್ಚಿತ್ತು. ಮೊದಲಾದರೂ ಬಾಗಿಲಲ್ಲಿ ಒಬ್ಬ ಮನುಷ್ಯ ಕೂತಿರುತ್ತಿದ್ದ. ಈಗ ಈಟಿ ಹಿಡಿದ ಭಟರು ನಿಂತಿದ್ದರು. ಒಳಗೆ ಕೋದಂಡಯ್ಯನ ಜಾಗದಲ್ಲಿ ಪುಟ್ಟರಸ ಕೂತಿದ್ದ.

ಅವನು ಆಗಲೇ ದೊರೆಯ ಹತ್ತಿರ ಹೋಗಿ ಬಂದಿದ್ದ. "ಮಹಾಸ್ವಾಮಿ, ಜನ ಕೊಲೆಗೆ ಬೆಲ್ಲ ಹಂಚ್ತಿದ್ದಾರೆ. ಯಾರ ಸೊಂಟದಲ್ಲಿ ಚಾಕು ಇದೆಯೋ ಹೇಳೋಕಾಗಲ್ಲ. ಕಣಜದ ಹತ್ತಿರ ಯಾರನ್ನೂ ಬಿಡಬಾರದು" ಅಂದಿದ್ದ. ದೊರೆ ಹೆದರಿ ಹೂಂ ಅಂದಿದ್ದ. ಪುಟ್ಟರಸನಿಗೆ ಈಗ ನೆಪ ಹುಡುಕುವ ಕೆಲಸವೇ ತಪ್ಪಿತು. ಜನರ ಕುಣಿತವೇ ಅವನಿಗೆ ದೊಡ್ಡ ನೆಪ ಆಯಿತು.

ಅಷ್ಟರಲ್ಲಿ ಊರಲ್ಲಿ ವಿಷಮಜ್ವರ ಹಬ್ಬಿತು. ಬಡವರ ಮನೆಗೂ ಬಂತು, ಇದ್ದವರ ಮನೆಗೂ ಬಂತು. ವೆಂಗಮ್ಮನ ಮನೆಗೂ ಬಂತು. ರತ್ನಿ ಮಲಗಿದಳು. ವೆಂಗಮ್ಮ ಕಣಜಕ್ಕೆ ಓಡಿದಳು.

ಪುಟ್ಟರಸ ಕಿಟಕಿಯಿಂದಲೇ ಮಾತಾಡಿದ. "ಅಯ್ಯೋ ಪಾಪ, ಅತ್ತಿಗೆ. ಆದರೆ ನೋಡಿ, ಕಾಳು ಸುರಿದವರು ಅಣ್ಣಯ್ಯ. ಅವರೇ ಇಲ್ಲವಲ್ಲ. ಇನ್ನು ನಿಮ್ಮ ಮನೆಗೆ ಕಣಜದ ಹಕ್ಕು ಎಲ್ಲಿಂದ ಬರುತ್ತೆ?"

"ನಿನ್ನನ್ನ ಈ ಕೆಲಸಕ್ಕೆ ಸೇರಿಸಿದ್ದೇ ಅವರು!"

"ಅದೆಲ್ಲ ನಿಜ. ಹೋಗಿ ಬನ್ನಿ."

ವೆಂಗಮ್ಮ ಬೀದಿಯಲ್ಲಿ ನಿಂತಳು. ಗಂಡನ ಬಾಯಲ್ಲಿ ಇದೇ ಮಾತು ಎಷ್ಟು ಜನ ಕೇಳಿರಬೇಕು ಅಂತ ಅವಳಿಗೆ ಆಗ ಹೊಳೆಯಿತು. ಯಾರ ಮನೆಗೆ ಹೋಗುವುದು? ಬೇರೆ ಯಾರ ಮುಖವೂ ನೆನಪಾಗಲಿಲ್ಲ. ಹೊಂಬಾಳಮ್ಮನ ಗುಡಿಸಲಿಗೆ ಹೋದಳು.

"ಹೊಂಬಾಳಮ್ಮ, ನನ್ನ ಮಗು..."

ಹೊಂಬಾಳಮ್ಮ ಪೂರ್ತಿ ಕೇಳಲೂ ಇಲ್ಲ. ಬಳೆಯ ಮಲಾರ ಕೆಳಗಿಟ್ಟು ಎದ್ದಳು. "ಇವತ್ತು ದೊರೆ ನನ್ನ ತಮ್ಮನ ನ್ಯಾಯ ಕೇಳ್ತಾರಂತೆ. ಊರೆಲ್ಲ ಅಲ್ಲೇ ಇರುತ್ತೆ. ಮಗೂನ ಎತ್ಕೊಳ್ಳಿ. ಇಬ್ಬರೂ ಹೋಗೋಣ."

ಅರಮನೆಯ ಮುಂದೆ ಜನವೋ ಜನ. ಅರ್ಧ ಜನ "ಕಾಳಿಂಗನ್ನ ಬಿಡಿ" ಅಂತ ಕೂಗುತ್ತಿದ್ದರು. ಅರ್ಧ ಜನ "ಗಲ್ಲಿಗೇರಿಸಿ" ಅಂತ ಕೂಗುತ್ತಿದ್ದರು. ದೊರೆಯ ಪಕ್ಕದಲ್ಲಿ ಪುಟ್ಟರಸ ಕೈಕಟ್ಟಿ ನಿಂತಿದ್ದ. ಕೊಂದವನ ಅಕ್ಕ, ಸತ್ತವನ ಹೆಂಡತಿ ಒಟ್ಟಿಗೆ ನಡೆದು ಬಂದರು. ಇಬ್ಬರ ತೋಳಿನ ಮೇಲೂ ಒಂದೇ ಮಗು. ಕೂಗು ತಾನಾಗಿಯೇ ನಿಂತಿತು.

ದೊರೆ ಕೇಳಿದ, "ತಮ್ಮನನ್ನ ಬಿಡಿ ಅಂತ ಕೇಳೋಕೆ ಬಂದೆಯೇನಮ್ಮ?"

"ಇಲ್ಲ ಮಹಾಸ್ವಾಮಿ. ನನ್ನ ತಮ್ಮ ಮಾಡಿದ್ದು ತಪ್ಪು. ಅವನಿಗೆ ಆಗಬೇಕಾದ ಶಿಕ್ಷೆ ಆಗಲಿ. ನಾನು ಪಾರುಪತ್ಯಗಾರರನ್ನ ಒಂದೇ ಒಂದು ಮಾತು ಕೇಳಬೇಕು. ಅಪ್ಪಣೆ ಆಗಲಿ."

"ಕೇಳು."

ಅವಳು ಪುಟ್ಟರಸನ ಕಡೆ ತಿರುಗಿದಳು. "ಸ್ವಾಮಿ, ಕಾಯಿಲೆಯವರಿಗೆಲ್ಲ ಕಣಜದಿಂದ ಕೊಟ್ಟಿದ್ದೀರಾ?"

ದೊರೆಯ ಎದುರಿಗೆ ಇಲ್ಲ ಅನ್ನುವುದು ಹೇಗೆ? "ಹಕ್ಕಿದ್ದವರಿಗೆಲ್ಲ ಕೊಟ್ಟಿದ್ದೀವಿ" ಅಂದ ಪುಟ್ಟರಸ.

"ಊರಿಗೆ ಊರೇ ಮಲಗಿದೆ. ಅಷ್ಟು ಜನಕ್ಕೆ ಕೊಟ್ಟ ಮೇಲೆ ಕಣಜ ಬರಿದಾಗಿರಬೇಕು ಪಾಪ."

ಪುಟ್ಟರಸನಿಗೆ ಒಳ್ಳೆಯ ದಾರಿ ಸಿಕ್ಕಿದಂತಾಯಿತು. "ಹೌದಮ್ಮ, ಹೌದು. ತಳ ಕಾಣ್ತಾ ಇದೆ. ಅದಕ್ಕೇ ಈ ಮಗುವಿಗೂ ಏನೂ ಕೊಡೋಕೆ ಆಗಲಿಲ್ಲ."

ಹೊಂಬಾಳಮ್ಮ ದೊರೆಗೆ ಕೈಮುಗಿದಳು. "ಮಹಾಸ್ವಾಮಿ, ಬರಿ ಕಣಜಕ್ಕೆ ಬೀಗ ಯಾಕೆ, ಈಟಿಯವರು ಯಾಕೆ? ಜ್ವರದವರು ಸೋರೋ ಗುಡಿಸಲಲ್ಲಿ ನೆನೀತಾ ಮಲಗಿದ್ದಾರೆ. ಗಟ್ಟಿ ಸೂರಿನ ಮನೆ ಅದು. ಈಗಲೇ ಬಾಗಿಲು ತೆಗೆಸಿ. ಅವರನ್ನೆಲ್ಲ ಅಲ್ಲಿ ಮಲಗಿಸ್ತೀವಿ."

ಪುಟ್ಟರಸ ಅಡ್ಡ ಬಂದ. "ಆಗಲ್ಲ, ಆಗಲ್ಲ! ಒಳಗೆ ಸಾಮಾನು ಇದೆ."

"ಏನು ಸಾಮಾನು?"

"ಅದೇ... ಸ್ವಲ್ಪ ಕಾಳು, ಔಷಧಿ..."

"ಹಾಗಾದರೆ ಈ ಮಗುವಿಗೆ ಕೊಡಿ. ಇದೆ ಅಂದರೆ ಕೊಡಬೇಕು. ಇಲ್ಲ ಅಂದರೆ ಬಾಗಿಲು ತೆಗೀಬೇಕು. ಯಾವುದು ಹೇಳ್ತೀರಿ ಸ್ವಾಮಿ?"

ಎಲ್ಲರಿಗೂ ಒಂದೊಂದು ನೆಪ ಕೊಟ್ಟವನಿಗೆ ಈಗ ಒಂದೂ ಹೊಳೆಯಲಿಲ್ಲ. ದೊರೆ ಸಿಂಹಾಸನದಿಂದ ಎದ್ದ. "ನಾನೇ ನೋಡ್ತೀನಿ" ಅಂದ.

ಎಷ್ಟೋ ವರ್ಷದ ಮೇಲೆ ದೊರೆ ಬೀದಿಯಲ್ಲಿ ನಡೆದ. ಬಾಗಿಲು ತೆಗೆಸಿದರು. ಸೂರು ಮುಟ್ಟುವವರೆಗೆ ಮೂಟೆಗಳು. ಔಷಧಿಯ ಜಾಡಿಗಳು ಸಾಲುಸಾಲಾಗಿ ಧೂಳು ಹಿಡಿದು ಕೂತಿದ್ದವು. ದೊರೆ ಒಂದು ಮೂಟೆಗೆ ಕೈ ಹಾಕಿದ. ಕಾಳೆಲ್ಲ ಹುಳ ಹಿಡಿದು ಹಿಟ್ಟಾಗಿತ್ತು. ಅದು ಬೆರಳ ಸಂದಿಯಿಂದ ಸೋರಿಹೋಯಿತು. ಅವನು ಇನ್ನೊಂದು ಮೂಟೆ ಬಿಚ್ಚಿಸಿದ, ಮತ್ತೊಂದನ್ನೂ ಬಿಚ್ಚಿಸಿದ.

ಹೊರಗೆ ಜನ ಕೆರಳಿದರು. "ಹೊಡೀರಿ ಇವನನ್ನ! ಕೋದಂಡಯ್ಯನ ದಾರಿಗೆ ಕಳಿಸಿ!" ಸಿದ್ಲಿಂಗಪ್ಪನ ಕೈಗೂ ಒಂದು ಕಲ್ಲು ಬಂದಿತ್ತು. ಪುಟ್ಟರಸ ಗೋಡೆಗೆ ಅಂಟಿಕೊಂಡ.

ಹೊಂಬಾಳಮ್ಮ ಬಂದು ಅವನ ಮುಂದೆ ನಿಂತಳು. "ಕಲ್ಲು ಕೆಳಗೆ ಹಾಕಿ ಅಣ್ಣಾ. ಒಂದು ಸಲ ಹೊಡೆದು ನೋಡಿದ್ದಾಯಿತು. ಏನು ಸಿಕ್ಕಿತು? ಇವನು ಸಿಕ್ಕಿದ. ಇವನನ್ನೂ ಹೊಡೆದರೆ ನಾಳೆ ಮತ್ತೆ ಬಾಗಿಲು ಮುಚ್ಚುತ್ತೆ. ಇವನಂಥವನೇ ಇನ್ನೊಬ್ಬ ಬಂದು ಕೂರ್ತಾನೆ. ಬಾಗಿಲು ತೆಗೆದಿದೆ. ಬಂದು ಮೂಟೆ ಎತ್ತಿ."

ಮೊದಲು ದ್ಯಾವಮ್ಮ ಮುಂದೆ ಬಂದು ಒಂದು ಜಾಡಿ ಎತ್ತಿಕೊಂಡಳು. ಅದನ್ನು ನೋಡಿ ಸಿದ್ಲಿಂಗಪ್ಪ ಕಲ್ಲು ಬಿಟ್ಟ. ಆಮೇಲೆ ಎಲ್ಲರೂ ಕೈ ಹಾಕಿದರು. ಹುಳ ಹಿಡಿದದ್ದನ್ನು ಬೇರೆ ಮಾಡಿದರು. ಒಳ್ಳೆಯದನ್ನು ಮನೆಮನೆಗೆ ಹೊತ್ತರು. ವೈದ್ಯರು ಬೀದಿಬೀದಿ ತಿರುಗಿದರು. ರತ್ನಿ ಕೆಲವು ದಿನ ಕಣ್ಣು ಬಿಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಗಂಜಿ ಕೇಳಿದಳು.

ದೊರೆ ಊರವರ ಮುಂದೆ ನಿಂತು ಹೇಳಿದ, "ತಪ್ಪು ನನ್ನಿಂದಲೇ ಶುರುವಾಯಿತು. ಉಳಿಸಿದ್ದಕ್ಕೆ ಶಾಲು ಹೊದಿಸಿದವನು ನಾನು. ಹೇಗೆ ಉಳೀತು ಅಂತ ಒಂದು ದಿನವೂ ಕೇಳಲಿಲ್ಲ." ಅವತ್ತಿನಿಂದ ಕಣಜ ನೋಡಿಕೊಳ್ಳಲು ಊರವರೇ ಬೀದಿಗೊಬ್ಬರಂತೆ ಕೂತರು. ಯಾರನ್ನಾದರೂ ಇಲ್ಲ ಅಂತ ಕಳಿಸಬೇಕಾದರೆ ಎಲ್ಲರ ಎದುರಿಗೆ, ಕಾರಣ ಹೇಳಿ ಕಳಿಸಬೇಕು. ಪುಟ್ಟರಸನಿಗೆ ಒಂದು ಶಿಕ್ಷೆ ಆಯಿತು. ವಾಪಸು ಕಳಿಸಿದ ಪ್ರತಿ ಮನೆಗೂ ಅವನು ತಾನೇ ಗಂಜಿ ಹೊತ್ತುಕೊಂಡು ಹೋಗಬೇಕು. ಕೆಲವು ಮನೆಗಳಲ್ಲಿ ಕುಡಿಯುವವರೇ ಉಳಿದಿರಲಿಲ್ಲ. ಅಲ್ಲಿಯೂ ಬಾಗಿಲಲ್ಲಿ ನಿಂತು ಬರಬೇಕಿತ್ತು.

ಕಾಳಿಂಗನ ವಿಷಯ ಬಂದಾಗ ದೊರೆ ವೆಂಗಮ್ಮನ ಮುಖ ನೋಡಿದ. ಅವಳು, "ಇನ್ನೊಂದು ಹೆಣ ನನಗೆ ಬೇಡ" ಅಂದಳು. "ಕ್ಷಮಿಸಿದ್ದೀನಿ ಅನ್ನೋಕೆ ನನ್ನ ಕೈಲಿ ಆಗಲ್ಲ. ಹೆಣ ಮಾತ್ರ ಬೇಡ." ಕಾಳಿಂಗನ ಕೊರಳು ಉಳಿಯಿತು. ಬಿಡುಗಡೆ ಸಿಗಲಿಲ್ಲ.

ಹೊಂಬಾಳಮ್ಮ ಸೆರೆಮನೆಗೆ ಹೋಗಿ ತಮ್ಮನಿಗೆ ಎಲ್ಲವನ್ನೂ ಹೇಳಿದಳು. ಅವನು ಗೋಡೆ ನೋಡುತ್ತಾ ಕೇಳಿಸಿಕೊಂಡ.

"ಅಕ್ಕಾ, ದೊರೆ ಮುಂದೆ ಇದನ್ನೇ ಅವತ್ತು ಕೇಳಿದ್ದರೆ ಸಣ್ಣಿ ಉಳೀತಿದ್ದಳಾ?"

"ಗೊತ್ತಿಲ್ಲಪ್ಪ. ಅವತ್ತು ನೀನು ಒಬ್ಬನೇ ಹೋದೆ. ನಾವು ಯಾರೂ ನಿನ್ನ ಜೊತೆ ಬರಲಿಲ್ಲ."

ಅವನು ಅವತ್ತು ಅತ್ತ. ಹೆಂಡತಿ ಸತ್ತಾಗ ಬಾರದ ಅಳು ಅವತ್ತು ಬಂತು. ಕಂಬಿಯ ಸಂದಿಯಲ್ಲಿ ಅಕ್ಕ ಅವನ ಕೈ ಹಿಡಿದುಕೊಂಡೇ ಕೂತಿದ್ದಳು.

ನೋಡಿದಿರಾ ಮಕ್ಕಳೇ, ಕಥೆಯ ನೀತಿ ಇಷ್ಟು. ಕಾಯಿಲೆಯವನನ್ನು ನೆಪ ಹೇಳಿ ಬಾಗಿಲಿಂದ ಕಳಿಸುವುದೂ ಕೊಲ್ಲುವುದೇ, ಕೈಯಲ್ಲಿ ಆಯುಧ ಕಾಣುವುದಿಲ್ಲ ಅಷ್ಟೇ. ಹಾಗಂತ ಆಯುಧ ಎತ್ತಿದರೆ, ಎತ್ತಿದವನಿಗೆ ಕುಣಿದರೆ, ಆ ಬಾಗಿಲು ಇನ್ನಷ್ಟು ಗಟ್ಟಿಯಾಗಿ ಮುಚ್ಚುತ್ತದೆ. ಸಿಟ್ಟು ಬರುವುದು ತಪ್ಪಲ್ಲ. ಆ ಸಿಟ್ಟನ್ನು ಒಬ್ಬನೇ ಹೊತ್ತು ತಿರುಗಲು ಬಿಡಬಾರದು. ನೆರೆಯವನನ್ನು ಬಾಗಿಲಿಂದ ಕಳಿಸಿದ ದಿನವೇ ಎಲ್ಲರೂ ಅವನ ಜೊತೆ ಹೋಗಿ ನಿಂತು ಕೇಳಬೇಕು.