ಮೊಲದ ಗುಂಡಿಯ ಹೂಳು

ಕಾಡೊಂದರ ಇಳಿಜಾರಿನಲ್ಲಿ ಕೆಲವು ಪ್ರಾಣಿಗಳು ಊರು ಕಟ್ಟಿಕೊಂಡು ಬಾಳುತ್ತಿದ್ದವು. ಕೆಳಗೊಂದು ಕೆರೆಯಿತ್ತು. ಎಲ್ಲರೂ ಕುಡಿಯುತ್ತಿದ್ದುದು ಅದರ ನೀರನ್ನೇ. ಆದ್ದರಿಂದ ಬಚ್ಚಲ ನೀರು ನೇರವಾಗಿ ಕೆರೆಗೆ ಇಳಿಯಬಾರದೆಂಬ ಕಟ್ಟಳೆಯಿತ್ತು. ಪ್ರತಿ ಮನೆಯ ಹಿಂದೆ ಜಲ್ಲಿ, ಮರಳು ಹಾಕಿದ ಒಂದು ಗುಂಡಿ. ಕೊಳೆ ಅಲ್ಲಿ ತಂಗುತ್ತಿತ್ತು. ಸೋಸಿದ ನೀರು ಜೊಂಡುಹುಲ್ಲಿನ ನಡುವೆ ಹರಿದು, ತಿಳಿಯಾಗಿ ಕೆರೆ ಸೇರುತ್ತಿತ್ತು. ಅಮಾವಾಸ್ಯೆಗೊಮ್ಮೆ ಪ್ರತಿ ಮನೆಯವರೂ ತಮ್ಮ ಗುಂಡಿಯ ಹೂಳನ್ನು ತಾವೇ ಎತ್ತಬೇಕಿತ್ತು.

ನರಿಗೆ ಹೂಳೆತ್ತುವುದೆಂದರೆ ಅಸಹ್ಯ. ಅದು ಗುಟ್ಟಾಗಿ ಒಂದು ಕಾಲುವೆ ತೋಡಿತು. ಬಚ್ಚಲ ನೀರನ್ನು ಕೆರೆದಂಡೆಯ ಹೊಂಗೆಮರದ ಬೇರುಗಳ ಸಂದಿಯಿಂದ ನೇರ ಕೆರೆಗೇ ಬಿಟ್ಟಿತು. ಮೇಲೆ ತರಗೆಲೆ ಮುಚ್ಚಿತು. ಎಲ್ಲರೂ ನೀರು ಕುಡಿಯುತ್ತಿದ್ದುದು ಬೇರೆ ದಡದಲ್ಲಿ; ಕೆರೆಯ ಆ ಮೂಲೆಗೆ ಯಾರೂ ಹೋಗುತ್ತಿರಲಿಲ್ಲ.

ಬೇಸಗೆ ಬಂತು. ಕೆರೆ ಅರ್ಧ ಇಂಗಿತು. ನೀರು ನಾರತೊಡಗಿತು. ಮರಿಗಳಿಗೆ ಹೊಟ್ಟೆನೋವು ಶುರುವಾಯಿತು. ಹಿರಿಯ ಕಡವೆ ಎಲ್ಲರನ್ನೂ ಕರೆದುಕೊಂಡು ಗುಂಡಿಗಳನ್ನು ನೋಡುತ್ತ ಬಂತು.

ಮೊಲದ ಗುಂಡಿಯಲ್ಲಿ ಹೂಳು ಅಂಚಿನವರೆಗೆ ತುಂಬಿತ್ತು.

"ಸಿಕ್ಕಿತಲ್ಲ ಗುಟ್ಟು!" ಎಂದಿತು ನರಿ. "ಈ ಹೊಲಸು ಮನೆಯಿಂದಲೇ ಕೆರೆ ಕೆಟ್ಟಿದ್ದು, ಕಡವೆಯಜ್ಜ."

"ನಾಳೆ ಅಮಾವಾಸ್ಯೆ. ನಾಳೆ ಎತ್ತುವವಳಿದ್ದೆ. ಮರಿಗಳು ತುಂಬಿದ ಮನೆಯಪ್ಪ ನಮ್ಮದು" ಎಂದಿತು ಮೊಲ.

"ಮರಿ ಹೆರಲು ಬರುತ್ತದೆ, ಹೂಳೆತ್ತಲು ಬರುವುದಿಲ್ಲವೇ?" ಎಂದು ನರಿ ಹಂಗಿಸಿತು.

ಎಲ್ಲವೂ ನಕ್ಕವು. ಕಡವೆ ತೀರ್ಪು ಹೇಳಿತು: "ಮೊಲವೇ, ನೀನಿನ್ನು ಕೆರೆಗೆ ಇಳಿಯಬೇಡ. ಮರಿಗಳನ್ನು ಕರೆದುಕೊಂಡು ಗುಡ್ಡದಾಚೆಯ ಹಳ್ಳಕ್ಕೆ ಹೋಗು."

ಆ ಹಳ್ಳದ ದಡದಲ್ಲಿ ಚಿರತೆ ಹೊಂಚು ಹಾಕುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲವೂ ಮುಂದಿನ ಗುಂಡಿಯತ್ತ ನಡೆದವು.

ನರಿಯ ಗುಂಡಿಯಲ್ಲಿ ಹಿಡಿ ಹೂಳೂ ಇರಲಿಲ್ಲ. ಜಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು.

"ಐವರು ಉಂಡು ಮೀಯುವ ಮನೆ. ಕೊಳೆಯೆಲ್ಲ ಎಲ್ಲಿ ಹೋಯಿತು ನರಿಯಣ್ಣ?" ಎಂದು ಮುಳ್ಳುಹಂದಿ ಕೇಳಿತು.

"ನಿನ್ನ ಹಾಗೆ ಮಣ್ಣಲ್ಲಿ ಹೊರಳುವವರಲ್ಲ ಅಕ್ಕ ನಾವು. ಶುಚಿಯ ವಂಶ."

ಕಡವೆಗೆ ಬಹಳ ಮೆಚ್ಚುಗೆಯಾಯಿತು. "ಇಂಥ ಮನೆಯವರಿಗೆ ಗೌರವ ಸಲ್ಲಬೇಕು. ಇಂದಿನಿಂದ ಹೊಂಗೆಯ ತಂಪಿನಲ್ಲಿ ನಿಂತು ಮೊದಲ ನೀರು ಕುಡಿಯುವವರು ಇವರೇ."

ನರಿಯ ಕಿವಿಗಳು ಜೋತುಬಿದ್ದವು. "ಬೇಡಜ್ಜ, ನಮಗೇಕೆ ನೆರಳು? ಬಿಸಿಲೇ ಹಿತ."

"ಎಂಥ ವಿನಯ ನೋಡಿ!" ಎನ್ನುತ್ತ ಪ್ರಾಣಿಗಳು ಅದನ್ನು ತಳ್ಳಿಕೊಂಡೇ ಹೋದವು.

ನರಿಯ ಕಿರಿಯ ಮರಿ ಬಾಯಾರಿ ಮುಂದೆ ಓಡಿತು. ಹೊಂಗೆಯ ಬುಡದಲ್ಲಿ ಬಗ್ಗಿ ನಾಲಿಗೆ ಚಾಚಿತು.

"ಕುಡೀಬೇಡ! ಅದು ನಮ್ಮ ಬಚ್ಚಲ ನೀರು!" ನರಿ ಚೀರಿತು.

ಮರಿ ಹಿಂದೆ ಸರಿಯಿತು. ಮುಳ್ಳುಹಂದಿ ತರಗೆಲೆ ಕೆದರಿತು. ಅಡಿಯಲ್ಲಿ ಕರಿಯ ನೀರು ಹರಿಯುತ್ತಿತ್ತು.

"ಹೂಳು ತುಂಬಿದ್ದೇ ಕೆಲಸ ಮಾಡಿದ ಗುಂಡಿ. ನಾನು ತಪ್ಪು ತಿಳಿದೆ ತಾಯಿ" ಎಂದು ಕಡವೆ, ಗುಂಪಿನ ಹಿಂದೆಯೇ ಬಂದಿದ್ದ ಮೊಲದ ಎದುರು ಕೊಂಬು ತಗ್ಗಿಸಿತು. ಆಮೇಲೆ ನರಿಯತ್ತ ತಿರುಗಿತು. "ಕಾಲುವೆ ಮುಚ್ಚು. ಕೆರೆ ತಿಳಿಯಾಗುವವರೆಗೆ ಮರಿಗಳಿಗೆಲ್ಲ ಹಳ್ಳದಿಂದ ನೀರು ಹೊತ್ತು ತಾ."

"ಅಲ್ಲಿ ಚಿರತೆಯಿದೆ!" ಎಂದಿತು ನರಿ.

"ನನ್ನನ್ನು ಕಳಿಸುವಾಗಲೂ ಇತ್ತು" ಎಂದಿತು ಮೊಲ.

ನರಿ ಸೋರೆಬುರುಡೆ ಹೊತ್ತು ಗುಡ್ಡ ಹತ್ತಿತು.

ನೀತಿ: ಹೊಲಸನ್ನು ಬಚ್ಚಿಟ್ಟವನು ಶುಚಿಯಲ್ಲ, ತನ್ನ ಹೊಲಸನ್ನು ತಾನೇ ಎತ್ತಿದವನು ಶುಚಿ.