ಎರಡು ತಂತಿಯ ವಿಮಾನ

ವಿದ್ಯೆ ಮುಗಿಸಿ ಹೊರಟ ಶಿಷ್ಯನೊಬ್ಬ ಗುರುವಿಗೆ ನಮಸ್ಕರಿಸಿ ಕೇಳಿದ: “ಹನ್ನೆರಡು ವರ್ಷ ನಿಮ್ಮಿಂದ ವಿದ್ಯೆ ಪಡೆದವನು ನಾನು. ನನ್ನಿಂದ ನಿಮಗೆ ಸಿಕ್ಕಿದ್ದಾದರೂ ಏನು, ಗುರುಗಳೇ?”

ಗುರು ಅವನನ್ನು ಕೂರಿಸಿ ಈ ಕತೆ ಹೇಳಿದರು:

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಅಂಗಡಿಯ ಗೋಡೆಯಲ್ಲಿ ಒಂದು ಪುಟ್ಟ ವಿಮಾನ ತೂಗುತ್ತಿತ್ತು. ತೆಳು ಮರದ ರೆಕ್ಕೆ, ಹೆಬ್ಬೆರಳಿನಷ್ಟು ಎಂಜಿನ್. ಅಪ್ಪನ ಜೊತೆ ಅಂಗಡಿಗೆ ಬಂದ ವನಮಾಲಾ ಎಂಬ ಹತ್ತು ವರ್ಷದ ಹುಡುಗಿ ಅದನ್ನು ನೋಡುತ್ತ ನಿಂತಳು.

“ಮಾಮಾ, ಇದು ಹಾರುತ್ತದೆಯೇ?”

“ಹಾರುತ್ತಿತ್ತು.”

“ಈಗ ಇದಕ್ಕೆ ಏನಾಗಿದೆ?”

“ಅದಕ್ಕೇನೂ ಆಗಿಲ್ಲ” ಎಂದು ಅವನು ಕೈಯಲ್ಲಿದ್ದ ಗಡಿಯಾರದತ್ತ ಬಾಗಿದ.

ಭಾನುವಾರ ಅವನೇ ವಿಮಾನವನ್ನು ಕೆಳಗಿಳಿಸಿ, ಧೂಳು ಒರೆಸಿ, ಅಪ್ಪ ಮಗಳನ್ನು ಊರಾಚೆಯ ಬಯಲಿಗೆ ಕರೆದೊಯ್ದ. ವಿಮಾನದ ರೆಕ್ಕೆಯಿಂದ ಉದ್ದನೆಯ ಎರಡು ಉಕ್ಕಿನ ತಂತಿಗಳು ಬಂದು ಒಂದು ಹಿಡಿಕೆಗೆ ಸೇರಿದ್ದವು. ಹಿಡಿಕೆಯನ್ನು ಮೇಲಕ್ಕೆ ಬಾಗಿಸಿದರೆ ವಿಮಾನ ಏರುತ್ತದೆ, ಕೆಳಕ್ಕೆ ಬಾಗಿಸಿದರೆ ಇಳಿಯುತ್ತದೆ. ಅದು ಸುತ್ತ ಹಾರುವಷ್ಟು ಹೊತ್ತೂ ಹಿಡಿದವರು ನಡುವೆ ನಿಂತು ಅದರ ಜೊತೆಗೇ ತಿರುಗುತ್ತಿರಬೇಕು.

ತಂತಿಯ ಆ ತುದಿಯಲ್ಲಿ ಅಪ್ಪ ವಿಮಾನವನ್ನು ಹಾರಬಿಟ್ಟ. ರಿಪೇರಿಯವನು ಹುಡುಗಿಯ ಹಿಂದೆ ನಿಂತು, ಅವಳ ಕೈಯ ಮೇಲೆ ತನ್ನ ಕೈ ಇಟ್ಟು, ಅವಳೊಡನೆ ತಿರುಗಿದ. “ಮಣಿಕಟ್ಟು ಆಡಿಸಬೇಡ. ನೆಲ ನೋಡಬೇಡ. ವಿಮಾನವನ್ನೇ ನೋಡು” ಎಂದ. ಎಣ್ಣೆ ತೀರಿ ವಿಮಾನ ತಾನಾಗಿ ಇಳಿಯಿತು. ಅವನು ಹುಲ್ಲಿನ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ. ಇದೂ ಪಾಠದ ಭಾಗವೇ ಇರಬೇಕೆಂದು ವನಮಾಲಾ ಕೂಡ ಪಕ್ಕದಲ್ಲಿ ಮಲಗಿದಳು. ಹೀಗೆ ನಾಲ್ಕು ವಾರ ನಡೆಯಿತು.

ಐದನೆಯ ವಾರ ಅವಳೊಬ್ಬಳೇ ಹಿಡಿಕೆ ಹಿಡಿದಳು. ಮೂರನೆಯ ಸುತ್ತಿಗೆ ಹೆದರಿ ಮಣಿಕಟ್ಟು ಬಾಗಿಸಿದಳು. ವಿಮಾನ ನೆಲಕ್ಕೆ ಬಡಿದು ರೆಕ್ಕೆ ಮುರಿಯಿತು. ಅವಳು ಅತ್ತಳು. ರಿಪೇರಿಯವನು ಗದರಲಿಲ್ಲ. “ಮುರಿದವರೇ ಅಂಟಿಸಬೇಕು. ನಾಳೆ ಅಂಗಡಿಗೆ ಬಾ” ಎಂದ.

ಅಂಟಿಸಲು ಒಂದು ತಿಂಗಳು ಹಿಡಿಯಿತು. ಮತ್ತೆ ಹಾರಿಸಿದ ದಿನ ಗಾಳಿ ಜೋರಾಗಿ ಬೀಸಿ ತಂತಿಗಳು ಸಡಿಲವಾದವು. ಅವನು ಕೂಗುವ ಮೊದಲೇ ವನಮಾಲಾ ಎರಡು ಹೆಜ್ಜೆ ಹಿಂದಿಟ್ಟಳು. ತಂತಿ ಬಿಗಿಯಾಯಿತು, ವಿಮಾನ ಉಳಿಯಿತು. ಬಯಲಿನ ಅಂಚಿನಲ್ಲಿ ರಿಪೇರಿಯವನು ಮಗುವಿನಂತೆ ಕುಣಿದ.

ಭಾನುವಾರಗಳು ಹೀಗೇ ವರ್ಷಗಟ್ಟಲೆ ಸಾಗಿ ವನಮಾಲಾ ದೊಡ್ಡವಳಾದಳು. ಬೇರೆ ಊರಿನಲ್ಲಿ ಮಕ್ಕಳಿಗೆ ವಿಮಾನ ಹಾರಿಸುವುದನ್ನು ಕಲಿಸಿದಳು. ಹಾರಿಸಿದ ಮೇಲೆ ಎಲ್ಲರೂ ಸ್ವಲ್ಪ ಹೊತ್ತು ಮಲಗಬೇಕು ಎಂಬುದು ಅವಳ ನಿಯಮವಾಗಿತ್ತು. ಒಮ್ಮೆ ಊರಿಗೆ ಬಂದಾಗ, ಅದು ಮಾಮಾ ಕಲಿಸಿದ ಪಾಠವೆಂದು ರಿಪೇರಿಯವನ ಹೆಂಡತಿಗೆ ಹೇಳಿದಳು. ಆಕೆ ನಕ್ಕಳು. “ಅದು ಪಾಠವಲ್ಲ ಕಣಮ್ಮ. ಅವರಿಗೆ ಕಿವಿಯ ಕಾಯಿಲೆ. ಒಂದು ಸುತ್ತು ತಿರುಗಿದರೂ ತಲೆ ಸುತ್ತಿ ಭೂಮಿ ತಲೆಕೆಳಗಾಗುತ್ತಿತ್ತು. ತಿರುಗಲೇಬೇಡಿ ಎಂದು ಡಾಕ್ಟರು ಹೇಳಿದ್ದರು.”

ವನಮಾಲಾ ಒಳಗೆ ಹೋಗಿ, ಈಗ ಮುದುಕನಾಗಿದ್ದ ರಿಪೇರಿಯವನ ಕೈ ಹಿಡಿದುಕೊಂಡಳು. “ನನಗಾಗಿ ಅಷ್ಟು ಕಷ್ಟಪಟ್ಟಿರಿ. ಒಂದು ಮಾತೂ ಹೇಳಲಿಲ್ಲವಲ್ಲ, ಮಾಮಾ.”

“ಇನ್ನು ನನ್ನ ಕೈಯಲ್ಲಿ ಆಗದು ಎಂದು ಎರಡು ವರ್ಷ ವಿಮಾನವನ್ನು ಮುಟ್ಟಿರಲಿಲ್ಲ, ಮಗೂ” ಎಂದ ಮುದುಕ. “ನೀನು ಬಂದು ಕೇಳಿದೆ. ಆಮೇಲೆ ಎಷ್ಟು ವರ್ಷ ನಾನು ಭಾನುವಾರಕ್ಕಾಗಿ ಕಾದೆ, ಗೊತ್ತೇ? ನಿನ್ನದು ದೊಡ್ಡ ಉಪಕಾರ.”

ಗುರು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲನೆ ಕೇಳಿದ: “ಆದರೆ ನಾನು ನಿಮ್ಮನ್ನು ಅಂಥದ್ದೇನೂ ಕೇಳಲಿಲ್ಲವಲ್ಲ?”

ಗುರು ಹೇಳಿದರು: “ನೀನು ಈ ಬಾಗಿಲು ತಟ್ಟಿದ ಹಿಂದಿನ ದಿನವಷ್ಟೇ ನಾನು ಪಾಠ ಹೇಳುವುದನ್ನು ಬಿಟ್ಟಿದ್ದೆ.”