ಸಾಹೇಬರ ಸೆಂಟು

ಹುಬ್ಬಳ್ಳಿಯ ಪೈಪ್ ಗ್ಯಾಸ್ ಕಚೇರಿಯೊಂದರಲ್ಲಿ ಇಮಾಮಸಾಬ ಅಂತ ಒಬ್ಬ ಮೆಕ್ಯಾನಿಕ್ ಇದ್ದ. ಸೋರಿಕೆ ಪತ್ತೆ ಮಾಡುವ ಕೈಯಂತ್ರಗಳನ್ನು ದಿನಾ ಬೆಳಿಗ್ಗೆ ಒಂಚೂರು ಗ್ಯಾಸಿಗೆ ಹಿಡಿದು ನೋಡಿ, ಕೂಗಿದ್ದನ್ನಷ್ಟೇ ಹೊರಗೆ ಒಯ್ಯುತ್ತಿದ್ದ.

ಅಲ್ಲಿಗೆ ಅವಧಾನಿ ಎಂಬ ಹೊಸ ಸಾಹೇಬರು ಬಂದರು. ಅವರಿಗಿಂತ ಮೊದಲು ಅವರ ಸೆಂಟು ಬಾಗಿಲು ದಾಟುತ್ತಿತ್ತು.

"ಮಾರೋ ಗ್ಯಾಸನ್ನ ಗಾಳಿಗೆ ಬಿಡ್ತೀಯೇನೋ? ಹಸಿರು ದೀಪ ಹತ್ತಿದ್ರ ಯಂತ್ರ ಚಲೋ ಅದ ಅಂತ ಅರ್ಥ. ಇವತ್ತಿನಿಂದ ಪರೀಕ್ಷೆ ಬಂದ್!" ಎಂದರು.

ಅಷ್ಟರಲ್ಲಿ ಫೋನು ಬಂತು. ಶಾಲೆಯ ಓಣಿಯಲ್ಲಿ ಗ್ಯಾಸ್ ವಾಸನೆಯಂತೆ.

ಇಮಾಮಸಾಬ ವಾದಕ್ಕೆ ನಿಲ್ಲಲಿಲ್ಲ. ಎರಡು ಯಂತ್ರ ಚಾಲೂ ಮಾಡಿದ. ಎರಡರಲ್ಲೂ ಹಸಿರು ದೀಪ ಹತ್ತಿತು. ಎರಡನ್ನೂ ಸಾಹೇಬರ ಅಂಗಿಯ ಹತ್ತಿರ ಹಿಡಿದ. ಒಂದು ಕಿಯ್ಯೋ ಎಂದು ಅರಚಿತು. ಇನ್ನೊಂದು ತುಟಿ ಬಿಚ್ಚಲಿಲ್ಲ.

ಸಾಹೇಬರು ಬೆಚ್ಚಿ ಹಿಂದೆ ಸರಿದರು. "ಏನೋ ಇದು? ನಾನೇನು ಸೋರಲಿಕ್ಕತ್ತೀನೇನು?"

"ಇಲ್ರೀ ಸಾಹೇಬ್ರ, ಇವು ಸೆಂಟಿಗೂ ಕೂಗ್ತಾವ್ರಿ. ಇದಕ್ಕ ನೀವು ಬಂದದ್ದು ಗೊತ್ತಾತು. ಅದು ನಿಮ್ಮ ಎದಿ ಮ್ಯಾಲೆ ಕುಂತರೂ ನೀವು ಯಾರಂತ ಕೇಳವಲ್ದು. ದೀಪ ಎರಡರಾಗೂ ಹಸರ ಐತ್ರಿ. ಸಾಲಿ ಓಣಿಗೆ ಯಾವುದು ಒಯ್ಯಲ್ರಿ?"

ಸಾಹೇಬರು ತಮ್ಮ ಕಾಲರು ಮೂಸಿ ನೋಡಿಕೊಂಡರು. ನಗು ತಡೆಯಲಾಗಲಿಲ್ಲ.

"ನನ್ನ ಗುರುತು ಹಿಡಿದದ್ದನ್ನ ಒಯ್ಯೋ ಮಾರಾಯ. ಮೊದಲು ಗ್ಯಾಸಿಗೂ ಹಿಡಿದು ನೋಡು."

ಮಕ್ಕಳು ನೀರು ಕುಡಿಯುವ ನಲ್ಲಿಯ ಪಕ್ಕದಲ್ಲೇ ಸೋರಿಕೆ ಸಿಕ್ಕಿತು, ಅದನ್ನು ಬಂದ್ ಮಾಡಿದ್ದೂ ಆಯಿತು. ಇಮಾಮಸಾಬ ತಿರುಗಿ ಬಂದಾಗ ಸಾಹೇಬರು ಬಾಗಿಲಲ್ಲೇ ತಡೆದರು.

"ಇನ್ನ ಮ್ಯಾಲೆ ದಿನಾ ಪರೀಕ್ಷೆ ಮಾಡಪ್ಪ. ಆದ್ರ ಗ್ಯಾಸಿನ ಮುಂದ ಮಾಡು, ನನ್ನ ಮುಂದ ಬ್ಯಾಡ."